ಉತ್ತರ ಹೇಳದ ಊರು

ಈ ಕತೆಯನ್ನು ಮೊದಲು ಹೇಳಿದವರು ನಮ್ಮ ಪದಬಂಧದ ಬಳಗದ ಶಾಕಾಂಬರಿ ಮೇಡಂ. ಅವರಿಗೆ ಅವರ ಸೋದರತ್ತೆ ಹೇಳಿದ್ದಂತೆ. ಅತ್ತೆಗೆ ಯಾರು ಹೇಳಿದರೋ, ಕೇಳೋಣವೆಂದರೆ ಈಗ ಅತ್ತೆ ಇಲ್ಲ.

ಬಹಳ ಬಹಳ ಹಿಂದೆ, ಸೊಲ್ಲುಗೊಂಡ ಎಂಬ ರಾಜ್ಯದಲ್ಲಿ ಒಂದು ಬಂಗಾರದ ಮೈನಾ ಇತ್ತು. ದಿನಾ ಬೆಳಗಾದರೆ ಅದು ಕೋಟೆಗೋಡೆಯ ಮೇಲೆ ಕೂತು ಒಂದು ಒಗಟು ಕೂಗುತ್ತಿತ್ತು. ದಿನಕ್ಕೆ ಒಂದೇ. ರಾಜನಿಗೂ ಅದೇ, ಅಗಸನಿಗೂ ಅದೇ. ಕೂಗು ಕೇಳಿದ ಮೇಲೆ ಊರಿನ ಒಗಟಿನ ಹುಚ್ಚರೆಲ್ಲ ಬಾವಿಕಟ್ಟೆಯಲ್ಲಿ ಸೇರುತ್ತಿದ್ದರು.

ಕಟ್ಟೆಗೆ ಒಂದು ಪದ್ಧತಿ ಇತ್ತು. ಉತ್ತರ ಹೊಳೆದವರು ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ, ಇನ್ನೂ ಹೊಳೆಯದವರ ಸುಖ ಹಾಳಾಗುತ್ತದಲ್ಲ! ಉತ್ತರವನ್ನು ಒಳಗೆ ಬಚ್ಚಿಟ್ಟು ಒಂದು ಪದ್ಯ ಕಟ್ಟಬೇಕು. ಸಿಕ್ಕಿಹಾಕಿಕೊಂಡವರು "ಎಳೆ ಕೊಡಿ" ಎಂದರೆ ಒಂದು ಸಣ್ಣ ಸುಳಿವು ಕೊಡಬೇಕು. ಒಮ್ಮೆ ಸೇನಾಪತಿ ಉತ್ತರ ಕೂಗಿಬಿಟ್ಟ. ಯುಗಾದಿ ಬರುವ ತನಕ ಅವನ ಹೆಂಡತಿಯೂ ಅವನನ್ನು ಮಾತಾಡಿಸಲಿಲ್ಲ.

ಬುಟ್ಟಿ ಹೆಣೆಯುವ ಸಂಪಿ ಎಂಬ ಹುಡುಗಿಗೆ ಪದ್ಯ ಕಟ್ಟಲು ಕಲಿಸಿದವನು ಬಳೆಗಾರ ಈರಜ್ಜ. ಹೆತ್ತವರಿಲ್ಲದ ಆ ಹುಡುಗಿಯನ್ನು ದಿನಾ ಬೆಳಿಗ್ಗೆ "ಏನವ್ವಾ, ಹೊಳೀತಾ?" ಎಂದು ಕೇಳುವವನು ಅವನೊಬ್ಬನೇ.

ಒಂದು ಬೆಳಗ್ಗೆ ಮೈನಾ ಕೂಗಲಿಲ್ಲ. ಕರಿಗುಡ್ಡದ ಮಾಯಾವಿ ಕಲ್ಗಣ್ಣ ಅದನ್ನು ಕದ್ದೊಯ್ದಿದ್ದ. "ನಾನು ತರ್ತೀನಿ" ಎಂದು ಹೋದ ಈರಜ್ಜ ವಾಪಸು ಬರಲಿಲ್ಲ. ಕಾದು ಕಾದು ಸಾಕಾದ ಸಂಪಿ, ಹೆಣೆಯುತ್ತಿದ್ದ ಬುಟ್ಟಿಯನ್ನು ಅಲ್ಲೇ ಇಟ್ಟು ಎದ್ದಳು.

ಗುಹೆಯ ಬಾಗಿಲಲ್ಲಿ ಎರಡು ತಲೆಯ ಚಿರತೆ ಮಲಗಿತ್ತು. ಒಂದು ತಲೆ "ತಿನ್ನೋಣವಾ?" ಎಂದಿತು. ಇನ್ನೊಂದು "ಒಗಟಿಗೆ ಬಂದವಳು ಕಣೋ, ಹೇಗೂ ಕಲ್ಲಾಗ್ತಾಳೆ. ಹಲ್ಲು ಮುರಿದೀತು, ಬಿಡು" ಎಂದು ಆಕಳಿಸಿತು.

ಒಳಗೆ ಪಂಜರದಲ್ಲಿ ಮೈನಾ. ಪಕ್ಕದಲ್ಲಿ ಈರಜ್ಜ, ಅಡಿಯಿಂದ ಮುಡಿಯವರೆಗೆ ಕಲ್ಲು. ಪದ್ಯ ಹೇಳುವಾಗ ಎತ್ತಿದ ಕೈ ಎತ್ತಿದ ಹಾಗೆಯೇ ಇತ್ತು.

"ಈ ಹಕ್ಕಿ ಬರೀ ಒಗಟು ಹೇಳುತ್ತೆ, ಉತ್ತರ ಹೇಳಲ್ಲ" ಎಂದು ಕಲ್ಗಣ್ಣ ಗುಡುಗಿದ. "ನನಗೋ ಒಂದೂ ಹೊಳೆಯಲ್ಲ. ಮೂರು ಒಗಟು ಕೇಳ್ತೀನಿ. ಯಾರ ಮಾತಿನಿಂದ ನನಗೆ ಉತ್ತರ ತಿಳಿಯುತ್ತೋ ಅವರನ್ನು ನನ್ನ ಮಾಟ ಹಿಡಿದಿಡಲಾರದು. ತಿಳಿಯದೇ ಹೋದರೆ ಕಲ್ಲು. ಕೊನೆಗೆ ಉಳಿದರೆ ಹಕ್ಕಿ ತಗೊಂಡು ಹೋಗು."

ಮೈನಾ ಮೊದಲನೆಯದನ್ನು ಕೂಗಿತು: "ಬಾಯಿಲ್ಲ, ಕುಡಿಯುತ್ತೆ, ಸುಟ್ಟರೆ ನಗುತ್ತೆ!"

ದೀಪದ ಬತ್ತಿ. ಸಂಪಿಗೆ ತಟ್ಟನೆ ಹೊಳೆಯಿತು. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಪದ್ಯವೇ ಬಾಯಿಗೆ ಬಂತು:

"ಅಜ್ಜಿಯ ತೊಡೆಯಲಿ ಹೊರಳಿದ ಕೂಸು,
ಎಣ್ಣೆಯ ಕೊಳದಲಿ ಮಿಂದಿತು ಕೂಸು!"

"ಒಗಟು ಕೇಳಿದರೆ ಕೂಸು ಅಂತೀಯಾ?" ಎಂದ ಕಲ್ಗಣ್ಣ. ಸಂಪಿಯ ಪಾದದಿಂದ ಮೊಣಕಾಲಿನವರೆಗೆ ಕಲ್ಲಾಯಿತು.

ಅಯ್ಯೋ ಅಜ್ಜಾ, ನಿನಗೂ ಹೀಗೇ ಆಯಿತಾ! ನಿನಗೆ ಎಲ್ಲ ಹೊಳೆದಿತ್ತು. ನಮ್ಮೂರಿನ ಮರ್ಯಾದೆ ಬಿಡಲಾರದೆ ಕಲ್ಲಾದೆಯಾ!

ಮೈನಾ ಎರಡನೆಯದನ್ನು ಕೂಗಿತು: "ಬಿಳಿಯ ಕೊಳದಲಿ ಅಡಗಿದ ಹುಡುಗಿ, ಕುಣಿಸಿದ ಮೇಲೆ ತೇಲಿದ ಹುಡುಗಿ!"

ಸಂಪಿ ಕಣ್ಣು ಮುಚ್ಚಿ, ಕಹಿ ಗುಳಿಗೆ ಉಗುಳುವಂತೆ ಹೇಳಿಬಿಟ್ಟಳು: "ಬೆಣ್ಣೆ."

"ಬೆಣ್ಣೆ" ಎಂದ ಕಲ್ಗಣ್ಣ. ಸಂಪಿಯ ಕಾಲಿನ ಕಲ್ಲು ಉದುರಿತು. ಅವನೋ, ತನ್ನೊಳಗೆ ಏನೋ ಆಗಬೇಕಿತ್ತು ಎನ್ನುವಂತೆ ಎದೆ ಮುಟ್ಟಿ ನೋಡಿಕೊಂಡ. ಏನೂ ಆಗಲಿಲ್ಲ. "ಅಷ್ಟೇನಾ?"

"ಅಷ್ಟೇ."

ಮುಖ ಸಣ್ಣದು ಮಾಡಿಕೊಂಡು ಅವನು ಮೈನಾಗೆ ಸನ್ನೆ ಮಾಡಿದ. ಅದು ಮೂರನೆಯದನ್ನು ಕೂಗಿತು: "ಮನೆಯಲ್ಲಿದ್ದರೂ ಒಳಗಿಲ್ಲ, ಬೀದಿಗೆ ಕಂಡರೂ ಹೊರಗಿಲ್ಲ. ಎಲ್ಲರೂ ದಾಟುವರು, ಯಾರೂ ಜೊತೆಗೆ ಕರೆಯರು!"

"ಇದಕ್ಕೇ ಈ ಮುದುಕ ಪೂರ್ತಿ ಕಲ್ಲಾಗಿದ್ದು" ಎಂದ ಕಲ್ಗಣ್ಣ. "ಏನು ಒದರಿದ ಗೊತ್ತಾ?

ಅರಿಸಿನ ಬಳಿದರೂ ಮದುಮಗನಲ್ಲ,
ರಂಗೋಲಿ ಇಟ್ಟರೂ ಅಂಗಳವಲ್ಲ,
ಸೊಸೆಯು ಬಂದರೆ ಸೇರನು ಹೊತ್ತ,
ಎಲ್ಲರು ಹೋದರು, ಅಲ್ಲೇ ಕೂತ!"

ಒಂದಕ್ಷರ ತಪ್ಪಿರಲಿಲ್ಲ. ಸಂಪಿ ಅವನನ್ನೇ ನೋಡಿದಳು. ಹುಚ್ಚು ಮಾತು ಎಂದುಕೊಂಡಿದ್ದರೆ ಯಾರಾದರೂ ಹೀಗೆ ಬಾಯಿಪಾಠ ಮಾಡಿಕೊಳ್ಳುತ್ತಾರಾ?

ಉತ್ತರ ಅವಳ ನಾಲಗೆಯ ತುದಿಯಲ್ಲೇ ಇತ್ತು. ಹೇಳಿದರೆ ಮೈನಾ ಅವಳದು. ಆದರೆ ಆಗ ಉತ್ತರ ಅವಳ ಮಾತಿನಿಂದ ತಿಳಿದ ಹಾಗಾಗುತ್ತದೆ, ಅಜ್ಜ ಕಲ್ಲಾಗಿಯೇ ಉಳಿಯುತ್ತಾನೆ. ಹೇಳದಿದ್ದರೆ, ಇವನಿಗೂ ಹೊಳೆಯದಿದ್ದರೆ, ಇಬ್ಬರೂ ಕಲ್ಲು.

"ಅಣ್ಣಾ, ಉತ್ತರ ಅಜ್ಜನ ಪದ್ಯದಲ್ಲೇ ಇದೆ. ನಾನು ಹೇಳಲ್ಲ. ಬೇಕಾದರೆ ಎಳೆ ಕೊಡ್ತೀನಿ."

"ಕಲ್ಲಾಗ್ತೀಯ!"

"ಆಗ್ತೀನಿ. ಅಷ್ಟರಲ್ಲಿ ನೀನೂ ಸ್ವಲ್ಪ ತಲೆ ಓಡಿಸು."

ಸೊಂಟದವರೆಗೆ ಕಲ್ಲು ಏರಿತು. ಕಲ್ಗಣ್ಣ ಅತ್ತಿಂದಿತ್ತ ಶತಪಥ ತುಳಿದ. ಕೊನೆಗೆ ಬೆನ್ನು ತಿರುಗಿಸಿ ಗೊಣಗಿದ: "ಹೂಂ, ಕೊಡು."

"ಹೊಸ ಸೊಸೆ ಮನೆ ತುಂಬುವಾಗ ಏನನ್ನು ಒದೀತಾಳೆ?"

"ಅಕ್ಕಿ ತುಂಬಿದ ಸೇರು. ಅದು ಯಾರಿಗೆ ಗೊತ್ತಿಲ್ಲ?"

"ಆ ಸೇರನ್ನು ಹೊತ್ತವನು ಯಾರು?"

"ಯಾರೂ ಹೊರಲ್ಲ, ಅದನ್ನು..." ಕಲ್ಗಣ್ಣ ನಿಂತುಬಿಟ್ಟ. ಕಲ್ಲು ಸಂಪಿಯ ಕೊರಳಿಗೆ ಬಂದಿತ್ತು. "ಅರಿಸಿನ... ನಮ್ಮವ್ವ ಬೆಳಗಾಗೆದ್ದು ಬಳೀತಿದ್ದಳು. ಅದರ ಮೇಲೆ ಕೂತರೆ ಬೈತಿದ್ದಳು. ಹೊಸ್ತಿಲು! ಏ ಹುಡುಗಿ, ಹೊಸ್ತಿಲು ಕಣೇ!"

ಅವನು ಚಪ್ಪಾಳೆ ತಟ್ಟಿ ನಕ್ಕ. ಆ ಗುಹೆಯಲ್ಲಿ ಮೊದಲ ಸಲ ಯಾರೋ ನಕ್ಕಿದ್ದು. ಈರಜ್ಜನ ಮೈಯಿಂದ ಕಲ್ಲು ಚಕ್ಕೆ ಚಕ್ಕೆಯಾಗಿ ಉದುರಿತು.

"ತಡಿ, ತಡಿ! ಏನೂ ಹೇಳಬೇಡ!" ಕಲ್ಗಣ್ಣ ಸಂಪಿಯತ್ತ ಓಡಿದ. "ನಿನ್ನ ಕೂಸು... ತೊಡೆ ಮೇಲೆ ಹೊಸೆಯೋದು, ಎಣ್ಣೆ ಕುಡಿಯೋದು... ಬತ್ತಿ!"

ಸಂಪಿಯ ಕಲ್ಲೂ ಕಳಚಿತು. ಈರಜ್ಜ ಎತ್ತಿದ ಕೈ ಇಳಿಸಿ, ಅವಳನ್ನು ಹತ್ತಿರಕ್ಕೆ ಎಳೆದುಕೊಂಡು ತಲೆ ಸವರಿದ. "ಬಾಯಿ ಬಿಟ್ಟು ಹೇಳಿಬಿಟ್ಟೆಯೇನೋ ಅಂತ ಹೆದರಿದ್ದೆ ಕಣವ್ವಾ."

"ಬೆಣ್ಣೆ ಒಂದು ಹೇಳಿಬಿಟ್ಟೆ, ಅಜ್ಜಾ."

"ಬೆಣ್ಣೆ ತಾನೆ, ಬಿಡು. ಅದು ಸುಲಭದ್ದು."

ಮೂವರೂ ಮೈನಾ ಹಿಡಿದು ಊರಿಗೆ ಬಂದಾಗ, ಕಲ್ಗಣ್ಣನ ತಲೆ ತೆಗೆಸುತ್ತೇನೆಂದು ರಾಜ ಎದ್ದು ನಿಂತ. "ನಾಳೆಯ ಒಗಟು ಮುಗಿಯಲಿ ಪ್ರಭು" ಎಂದ ಈರಜ್ಜ. ಮರುದಿನವೂ ಅದನ್ನೇ ಹೇಳಿದ. ಅದರ ಮರುದಿನವೂ. ಕಲ್ಗಣ್ಣ ಮಾಟ ಬಿಟ್ಟು ಕಟ್ಟೆಯ ಕೆಳಗಿನ ಮೆಟ್ಟಿಲಲ್ಲಿ ಕೂರತೊಡಗಿದ. ಎಲ್ಲರಿಗಿಂತ ಮೊದಲೇ ಬರುತ್ತಿದ್ದ, ಅತಿ ಕೆಟ್ಟ ಪ್ರಾಸದ ಪದ್ಯ ಕಟ್ಟುತ್ತಿದ್ದ, ಬೈಸಿಕೊಂಡು ಹಿಗ್ಗುತ್ತಿದ್ದ. ಹಾಗೇ ಎಲ್ಲರೂ ನೂರು ಕಾಲ ಸುಖವಾಗಿ ಬಾಳಿದರು.

ಕೇಳಿದಿರಲ್ಲ, ಇನ್ನು ಇದನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಬೇಡಿ. ಒಬ್ಬರೇ ಕೂತು ತಲೆ ಕೆರೆದುಕೊಳ್ಳುತ್ತಿರುವವರು ಯಾರಾದರೂ ಕಂಡರೆ, ಪಕ್ಕದಲ್ಲಿ ಕೂತು ಹೇಳಿ.