ವಿಚಾರಣೆಯಲ್ಲಿ ಅವನು ಆಡದ ಮಾತು

"ಬಿಡೋ! ಸತ್ತೇ ಹೋಗ್ತಾನೆ, ಬಿಡೋ!"

ಗಾಜಿನ ಬಾಟಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಯಾರೋ ಕಿರುಚಿದರು. ತಟ್ಟೆಗಳು ನೆಲಕ್ಕೆ ಬಿದ್ದು ಉರುಳಿದವು. ಕುಲುಮೆ ವಿಭಾಗದ ಗೂಳಿ ಶಿಫ್ಟ್ ಇನ್‌ಚಾರ್ಜನ ಕಾಲರ್ ಹಿಡಿದು ಗೋಡೆಗೆ ಒತ್ತಿದ್ದ. ಗೂಳಿ ಎನ್ನುವುದು ಆ ಅಗಲ ಭುಜಗಳಿಗೆ ಜೊತೆಯವರು ಇಟ್ಟ ಅಡ್ಡಹೆಸರು. ಇನ್‌ಚಾರ್ಜನ ಮೂಗಿನಿಂದ ರಕ್ತ ಅಂಗಿಯ ಮೇಲೆ ಸುರಿಯುತ್ತಿತ್ತು.

ಎಚ್.ಆರ್. ವಿಭಾಗಕ್ಕೆ ಹೊಸದಾಗಿ ಬಂದಿದ್ದ ಅವಳು ಹಿಂದೆ ಮುಂದೆ ನೋಡದೆ ಇಬ್ಬರ ನಡುವೆ ನುಗ್ಗಿದಳು.

ಬೀಸಿದ ಮುಷ್ಟಿ ಅವಳ ಮೂಗಿನ ತುದಿಗೆ ಬಂದು ನಿಂತಿತು!

"ಹೊಡೀರಿ," ಎಂದಳು. "ನನ್ನನ್ನೂ ಹೊಡೀರಿ."

ಅವನು ಕೈ ಇಳಿಸಿದ. ಅವನ ಕಣ್ಣಿನಲ್ಲಿ ನೀರಿತ್ತು. ಹೊಡೆದವನ ಕಣ್ಣಲ್ಲಿ ನೀರು ಯಾಕೆ? ಆ ಪ್ರಶ್ನೆ ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಆದರೆ ಕೈ ಎತ್ತುವ ಗಂಡಸೆಂದರೆ ಅವಳಿಗೆ ಅಸಹ್ಯ. ಅವಳ ಅಪ್ಪ ಬಾಗಿಲು ಹಾಕಿಕೊಂಡು ಅಮ್ಮನನ್ನು ಹೊಡೆಯುತ್ತಿದ್ದ. ಅಕ್ಕ ಅವಳ ಕಿವಿ ಮುಚ್ಚುತ್ತಿದ್ದಳು. ಮುಚ್ಚಿದರೂ ಕೇಳಿಸುತ್ತಿತ್ತು.

ವಿಚಾರಣೆ ಶುರುವಾಯಿತು.

"ಯಾಕೆ ಹೊಡೆದ್ರಿ?"

"ಸಿಟ್ಟು ಬಂತು."

"ಸಿಟ್ಟು ಯಾಕೆ ಬಂತು?"

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ.

"ನೋಡಿ, ನೀವು ಬಾಯಿ ಬಿಡದಿದ್ರೆ ನಾನು ಏನೂ ಮಾಡೋಕಾಗಲ್ಲ."

"ಗೊತ್ತು ಮೇಡಂ. ಬಿಡಿ."

ಅವಳು ಅವನನ್ನು ಸಸ್ಪೆಂಡ್ ಮಾಡಿದಳು. ಸಸ್ಪೆಂಡ್ ಆದವರು ದಿನಾ ಬಂದು ಸಹಿ ಹಾಕಿ ಹೋಗಬೇಕಿತ್ತು. ಅವನು ಬರುತ್ತಿದ್ದ, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು.

"ಕೆಲಸ ಇಲ್ದೇನೂ ಟೈಮಿಗೆ ಸರಿಯಾಗಿ ಬರೋ ನೌಕರ ಇಡೀ ಫ್ಯಾಕ್ಟರೀಲಿ ನಾನೊಬ್ನೇ ಮೇಡಂ. ಬಹುಮಾನ ಏನಾದ್ರೂ ಇದ್ಯಾ?"

ಅವಳು ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡು ನಕ್ಕಳು. ಅವನಿಗೆ ಗೊತ್ತಾಯಿತು ಅಂತ ಅವಳಿಗೂ ಗೊತ್ತಾಯಿತು. ಮಾರನೆಯ ದಿನ ಅವನು ಬರುವುದು ತಡವಾದಾಗ ಎರಡು ಸಲ ಕಿಟಕಿಯ ಹತ್ತಿರ ಹೋದಳು. 'ಛೆ! ರೌಡಿಗಾಗಿ ಕಾಯ್ತಿದ್ದೀನಾ?' ತನಗೆ ತಾನೇ ಬೈದುಕೊಂಡಳು.

ಕೊನೆಯ ವಿಚಾರಣೆಯಲ್ಲೂ ಅವನು ಬಾಯಿ ಬಿಡಲಿಲ್ಲ.

"ನಿಮ್ಮನ್ನ ಕೆಲಸದಿಂದ ತೆಗೀತಿದ್ದೀವಿ," ಎಂದಳು, ಮೇಜು ನೋಡುತ್ತಾ.

"ನಿಮ್ಮ ಜಾಗದಲ್ಲಿ ನಾನಿದ್ರೂ ಇದನ್ನೇ ಮಾಡ್ತಿದ್ದೆ." ಬಾಗಿಲ ಬಳಿ ನಿಂತು ತಿರುಗಿದ. "ಒಂದು ಮಾತು ಮೇಡಂ... ಪ್ಯಾಕಿಂಗ್ ಕಡೆ ಆಗಾಗ ಹೋಗ್ತಾ ಇರಿ. ಯಾರಿಗೂ ಹೇಳದೆ ಹೋಗಿ."

ಆ ಮಧ್ಯಾಹ್ನವೇ ಅವಳು ಹೋದಳು.

ಪೆಟ್ಟಿಗೆಗಳ ರಾಶಿಯ ಹಿಂದಿನಿಂದ ಉಸಿರುಗಟ್ಟಿದ ಅಳು ಕೇಳಿಸಿತು. ಇಣುಕಿದಳು. ಇನ್‌ಚಾರ್ಜ್ ಪ್ಯಾಕಿಂಗ್ ಹುಡುಗಿಯೊಬ್ಬಳ ಜಡೆ ಮುಷ್ಟಿಗೆ ಸುತ್ತಿಕೊಂಡು ಅವಳ ಹಣೆಯನ್ನು ಮೆಷಿನ್ನಿನ ಅಂಚಿಗೆ ಬಡಿಯುತ್ತಿದ್ದ.

"ಆ ಗೂಳಿಗೆ ಹೇಳಿದ್ದು ನೀನೇ ಅಲ್ವೇನೇ? ಈಗ ಕರಿಯೇ ಅವನ್ನ! ಬರ್ತಾನಾ ನೋಡೋಣ!"

"ಬಿಡೋ ಅವಳನ್ನ!" ಎಂದು ಕೂಗುತ್ತಾ ಅವಳು ನುಗ್ಗಿದಳು.

ಅವನು ತಿರುಗಿದ. ಕೈಯಲ್ಲಿದ್ದ ವಾಕಿಟಾಕಿ ಅವಳ ಕೆನ್ನೆಗೆ ಅಪ್ಪಳಿಸಿತು. ಬಾಯಲ್ಲಿ ರಕ್ತದ ರುಚಿ! ಏಳುವಷ್ಟರಲ್ಲಿ ಎಡಗೈ ಹಿಡಿದು ತಿರುಚಿದ. ಒಳಗೆ ಏನೋ ಲಟಕ್ಕೆಂದಿತು. ಅವಳು ಬಾಟಲಿಗಳ ಮೇಲೆ ಬಿದ್ದಳು. ಗಾಜು ಬೆನ್ನಿಗೆ ಚುಚ್ಚಿತು.

ಅವಳ ಬಲಗೈಗೆ ಒಡೆದ ಬಾಟಲಿಯೊಂದು ಸಿಕ್ಕಿತು.

ಎದ್ದಳು. ಬಾಟಲಿಯ ಚೂಪು ತುದಿ ಅವನ ಗಂಟಲಿಗೆ ತಾಗಿತು. ಒಂದೇ ಒಂದು ಸಲ ಒತ್ತಿದರೆ ಸಾಕು... ಒತ್ತಬೇಕೆಂಬ ಆಸೆ ಬೆರಳುಗಳಲ್ಲಿ ಕುದಿಯಿತು. ಅಪ್ಪನ ಮುಖ, ಇವನ ಮುಖ, ಎರಡೂ ಒಂದೇ ಆಗಿ ಕಂಡವು.

'ದೇವರೇ... ಗೂಳಿಗೂ ಹೀಗೇ ಆಗಿತ್ತಾ?'

ಅವಳು ಒತ್ತಲಿಲ್ಲ. ಇನ್‌ಚಾರ್ಜ್ ಓಡಲು ನೋಡಿದ. ಆದರೆ ಅಷ್ಟರಲ್ಲಿ ಪ್ಯಾಕಿಂಗ್ ಹೆಂಗಸರೆಲ್ಲ ಬಂದು ದಾರಿಗೆ ಅಡ್ಡ ನಿಂತಿದ್ದರು. ಒಬ್ಬಳು ಅವನ ಮಂಡಿಗೆ ಕಬ್ಬಿಣದ ಸರಳು ಬೀಸಿದಳು. ಅವನು ಕೂಗುತ್ತಾ ಕುಸಿದ. ಎರಡನೇ ಏಟು ಬೀಳುವ ಮೊದಲು ಅವಳು ಕೂಗಿದಳು:

"ಸಾಕು! ಬಾಗಿಲು ಹಾಕಿ. ಪೊಲೀಸಿಗೆ ಫೋನ್ ಮಾಡಿ!"

ಹಣೆ ಒಡೆದ ಹುಡುಗಿ ಅವಳ ಮಡಿಲಿಗೆ ಬಿದ್ದು ಬಿಕ್ಕಿದಳು. "ಗೂಳಿ ಅಣ್ಣಂದೇನೂ ತಪ್ಪಿಲ್ಲ ಮೇಡಂ. ಇವ್ನು ನನ್ನ ಹೊಡೆಯೋದನ್ನ ನೋಡಿಬಿಟ್ರು. ಮನೇಲಿ ಗೊತ್ತಾದ್ರೆ ಕೆಲಸ ಬಿಡಿಸ್ತಾರೆ, ಯಾರಿಗೂ ಹೇಳ್ಬೇಡಿ ಅಂತ ನಾನೇ ಕಾಲು ಹಿಡ್ಕೊಂಡೆ..."

ಅವಳಿಗೆ ಮುರಿದ ಕೈಯ ನೋವೇ ಮರೆತುಹೋಯಿತು. ಒಬ್ಬ ಹುಡುಗಿಯ ಗುಟ್ಟು ಕಾಯಲು ರೌಡಿ ಅನ್ನಿಸಿಕೊಂಡು ಹೋದನಲ್ಲ!

ಆಸ್ಪತ್ರೆಗೆ ಡೈರೆಕ್ಟರ್ ಬಂದರು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡರು. "ಕಂಪನಿ ಹೆಸರು ಹಾಳಾಗುತ್ತಮ್ಮ. ಮೆಟ್ಟಿಲಿಂದ ಜಾರಿದೆ ಅಂದ್ಬಿಡು. ಅವನನ್ನ ಬೇರೆ ಕಡೆಗೆ ಕಳಿಸ್ತೀನಿ."

"ಅಲ್ಲಿರೋ ಹೆಣ್ಮಕ್ಕಳೂ ಮೆಟ್ಟಿಲಿಂದ ಜಾರ್ಬೇಕಾ ಸಾರ್?"

ಅವರು ಎದ್ದು ಹೋದರು. ಅವಳು ದೂರು ಕೊಟ್ಟಳು. ಆ ಹುಡುಗಿಯೂ ಕೊಟ್ಟಳು, ಅವಳ ಹಿಂದೆ ಇನ್ನೂ ಕೆಲವರು ಬಾಯಿ ಬಿಟ್ಟರು. ಇನ್‌ಚಾರ್ಜನನ್ನು ಪೊಲೀಸರು ಎಳೆದುಕೊಂಡು ಹೋದರು. ಸುದ್ದಿ ಊರೆಲ್ಲ ಆದ ಮೇಲೆ ಡೈರೆಕ್ಟರೇ ಗೂಳಿಯನ್ನು ವಾಪಸ್ ಕರೆಸಲು ಒಪ್ಪಿದರು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡೇ ಅವಳು ಅವನ ಮನೆ ಹುಡುಕಿಕೊಂಡು ಹೋದಳು. ಬಾಗಿಲು ತೆಗೆದದ್ದು ಅವನ ಅಮ್ಮ.

"ನನ್ನ ಮಗನ್ನ ರೌಡಿ ಅಂತ ಕೆಲಸದಿಂದ ತೆಗೆದೋಳು ನೀನೇನಾ?"

"ನಾನೇ ಅಮ್ಮ."

ಅಮ್ಮ ಅವಳ ಊದಿದ ಕೆನ್ನೆ ನೋಡಿದರು, ಪ್ಲಾಸ್ಟರ್ ನೋಡಿದರು. ಸಿಟ್ಟು ಅರ್ಧಕ್ಕೇ ನಿಂತಿತು. "ಒಳಗೆ ಬಾ. ಬೈಯೋದನ್ನ ಕೂತ್ಕೊಂಡೇ ಬೈತೀನಿ."

ಗೂಳಿ ಒಳಗಿನಿಂದ ಬಂದವನು ಹಾಗೇ ನಿಂತುಬಿಟ್ಟ. ಅಮ್ಮ ಏನೋ ನೆಪ ಮಾಡಿಕೊಂಡು ಅಡುಗೆಮನೆಗೆ ಹೋದರು.

"ಕ್ಷಮಿಸಿ," ಎಂದಳು. "ನೀವು ಹೊಡೆದಿದ್ದು ತಪ್ಪು. ಆದ್ರೆ ನಾನು ಏನೂ ನೋಡದೇ ತೀರ್ಪು ಕೊಟ್ಟಿದ್ದು ಇನ್ನೂ ದೊಡ್ಡ ತಪ್ಪು."

"ಹೊಡೆದಿದ್ದು ತಪ್ಪೇ ಮೇಡಂ. ನನ್ನಿಂದಾನೇ ಅವ್ನು ಆ ಹುಡುಗೀನ ಮತ್ತೆ ಹೊಡೆದ."

"ಕೆಲಸಕ್ಕೆ ವಾಪಸ್ ಬನ್ನಿ."

"ಬರಲ್ಲ."

"ನನ್ನ ಮೇಲೆ ಅಷ್ಟೊಂದು ಸಿಟ್ಟಾ?"

"ಬೇರೆ ಕಡೆ ಕೆಲಸ ಸಿಕ್ಕಿದೆ. ಅದೂ ಅಲ್ದೆ... ನೀವು ನನ್ನ ಮೇಡಂ ಆಗಿದ್ರೆ ಒಂದು ವಿಷಯ ಹೇಳೋಕಾಗಲ್ಲ. ಸಹಿ ಹಾಕೋಕೆ ಬರ್ತಿದ್ನಲ್ಲ, ಆಗಿಂದ ಹೇಳ್ಬೇಕು ಅಂತಿದ್ದೆ."

"ಈಗ ನಾನು ನಿಮ್ಮ ಮೇಡಂ ಅಲ್ಲ," ಎಂದಳು ಮೆಲ್ಲಗೆ. "ಹೇಳಿ."

ಅವನು ಹತ್ತಿರ ಬಂದ. ಹೇಳಬೇಕಾದದ್ದು ತುಟಿಯವರೆಗೂ ಬಂದು ಅಲ್ಲೇ ನಿಂತಿತು. ಕೊನೆಗೆ ಪ್ಲಾಸ್ಟರಿನಿಂದ ಹೊರಗೆ ಇಣುಕುತ್ತಿದ್ದ ಅವಳ ಬೆರಳುಗಳನ್ನು ನೋಡುತ್ತಾ ಕೇಳಿದ:

"ತುಂಬಾ ನೋವಾಗ್ತಿದ್ಯಾ ನಿಂಗೆ?"

ಅವಳ ಕಣ್ಣು ತುಂಬಿ ಬಂತು. "ಏನಂದ್ರಿ? ಇನ್ನೊಂದು ಸಲ ಹೇಳಿ."

"ನೋವಾಗ್ತಿದ್ಯಾ ಅಂತ..."

"ಅದಲ್ಲ. ಕೊನೇ ಮಾತು."

ಅವನು ನಕ್ಕ. "ನಿಂಗೆ..."

"ಹೂಂ," ಎಂದು ಅವಳು ಅವನ ಭುಜಕ್ಕೆ ಹಣೆ ಆನಿಸಿದಳು. "ಇನ್ಮೇಲೆ ಹಾಗೇ ಕರಿ... ಗೂಳಿ."