ಖಾಲಿ ಮೊಳೆ

ಮಾತು ಬಿಟ್ಟವನನ್ನೇ ಕೆಲಸಕ್ಕೆ ಕರೆಯುವ ಗತಿ ಬಂದರೆ ಯಾರಿಗಾದರೂ ಮೈ ಉರಿಯುತ್ತದೆ. ಮೆಕ್ಯಾನಿಕ್‌ನ ಮಗಳಿಗಂತೂ ಕೋಪ ಮೂಗಿನ ತುದಿಯಲ್ಲೇ ಇತ್ತು.

ಅವಳ ಮುಂದೆ ಸಣ್ಣ ಟ್ರ್ಯಾಕ್ಟರೊಂದರ ಮುಂದಿನ ಆಕ್ಸಲ್ ಬಿಚ್ಚಿಕೊಂಡು ಬಿದ್ದಿತ್ತು. ಬೇರಿಂಗ್ ಪುಡಿಯಾಗಿ, ಅದರ ಹೊರಗಿನ ಉಕ್ಕಿನ ಬಳೆ ಮಾತ್ರ ಹೌಸಿಂಗಿನ ಗೂಡಿನೊಳಗೆ ಕಚ್ಚಿಕೊಂಡಿತ್ತು. ಹಿಂದಿನಿಂದ ತಳ್ಳೋಣವೆಂದರೆ ತೂತಿಲ್ಲ, ಮುಂದಿನಿಂದ ಎಳೆಯೋಣವೆಂದರೆ ಪುಲ್ಲರಿಗೆ ಹಿಡಿತವಿಲ್ಲ. ಬೆಳಗಿನಿಂದ ಎಣ್ಣೆ ಬಿಟ್ಟಳು, ಬಡಿದಳು, ಬೈದಳು. ಬಳೆ ಜಪ್ಪಯ್ಯ ಎಂದರೂ ಕದಲಲಿಲ್ಲ.

ಅಪ್ಪ ಸೊಂಟನೋವಿನಿಂದ ಅಲ್ಲೇ ಮೂಲೆಯ ಕುರ್ಚಿ ಹಿಡಿದಿದ್ದ. ಅವನ ಗ್ಯಾರೇಜಿನಲ್ಲಿ ಒಂದು ಪದ್ಧತಿ: ಹಟ ಹಿಡಿದ ಭಾಗವನ್ನು ಬಿಡಿಸಿದವರೇ ಅದನ್ನು ಗೋಡೆಯ ಮೊಳೆಗೆ ನೇತುಹಾಕಬೇಕು. ಗೋಡೆಯ ತುಂಬ ಅಪ್ಪನ ಬೇಟೆಗಳು. ಕೊನೆಯ ಮೊಳೆ ಮಾತ್ರ ಖಾಲಿ, ಅದು ಮಗಳದು. ಅದು ತುಂಬಿದ ದಿನ ಗ್ಯಾರೇಜು ನಿನ್ನದು ಎಂದಿದ್ದ.

ಬಳೆಯ ಒಳಮೈಗೆ ಸುತ್ತಲೂ ವೆಲ್ಡಿಂಗ್ ಎಳೆದರೆ, ಆರುವಾಗ ಅದು ಕುಗ್ಗಿ ತಾನೇ ಸಡಿಲವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಆದರೆ ವೆಲ್ಡರ್ ಇದ್ದದ್ದು ಅದೇ ಗೋಡೆಯ ಆಚೆ. ಅವಳ ಚಡ್ಡಿ ದೋಸ್ತು. ಹೋದ ತಿಂಗಳು ಮದುವೆಯಾಗೋಣವೇ ಎಂದು ಕೇಳಿದವನು ಅದೇ ಉಸಿರಿನಲ್ಲಿ, "ಆಮೇಲೆ ನೀನು ಸ್ಪ್ಯಾನರ್ ಮುಟ್ಟೋದೇ ಬೇಡ, ರಾಣಿ ಥರ ನೋಡ್ಕೋತೀನಿ" ಎಂದುಬಿಟ್ಟಿದ್ದ. ಅವಳ ಬಾಯಿಗೆ ಬಂದಿದ್ದ ಹೂಂ ಗಂಟಲಲ್ಲೇ ಉಳಿಯಿತು. ಅಂದಿನಿಂದ ಮಾತಿಲ್ಲ. ಪ್ರೀತಿ ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ, ಅದೇ ಅವಳ ಸಂಕಟ.

ಅವಳು ಗೋಡೆಗೆ ಸುತ್ತಿಗೆಯಿಂದ ಬಡಿದಳು. "ಸಾಹೇಬ್ರು ಬಿಡುವಾಗಿದ್ರೆ ಸ್ವಲ್ಪ ವೆಲ್ಡಿಂಗ್ ಇತ್ತು."

ಅವನು ಬಂದ ವೇಗ ನೋಡಿದರೆ ಗೋಡೆಗೆ ಕಿವಿ ಆನಿಸಿಕೊಂಡೇ ಕೂತಿದ್ದನೇನೋ.

"ಗ್ಯಾಸಲ್ಲಿ ಹೌಸಿಂಗ್ ಕಾಯ್ಸಿ ಎರಡೇಟು ಹಾಕ್ಲಾ?"

"ಸೀಲ್ ಕೂರೋ ಜಾಗ ಕೆಡುತ್ತೆ. ಬಳೆ ಒಳಗಡೆ ಮಾತ್ರ, ಸುತ್ತ ಒಂದು ಸಾಲು. ಆಮೇಲೆ ಯಾರೂ ಮುಟ್ಟೋ ಹಾಗಿಲ್ಲ."

"ಅಪ್ಪಣೆ."

ಮುಖಕ್ಕೆ ಶೀಲ್ಡ್ ಇಳಿಸುವ ಮುನ್ನ ಅವಳನ್ನು ಬೇಕಾದ್ದಕ್ಕಿಂತ ತುಸು ಹೆಚ್ಚೇ ನೋಡಿದ. ಅವಳು ಸ್ಪ್ಯಾನರ್ ಒರೆಸತೊಡಗಿದಳು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

ಸಾಲು ಮುಗಿಯಿತು. ಆಕ್ಸಲಿನ ಆಚೆಗೊಬ್ಬರು ಈಚೆಗೊಬ್ಬರು ಕೂತರು.

"ಅವತ್ತು ನಾನಂದಿದ್ದು..."

"ತಣ್ಣಗಾಗ್ಲಿ, ತಡೀರಿ."

"ಬಳೆನಾ, ನೀನಾ?"

ನಗು ಬರದಂತೆ ಅವಳು ತುಟಿ ಕಚ್ಚಿದಳು.

"ಬೆಳಗ್ಗೆಯಿಂದ ನಿನ್ನ ಸುತ್ತಿಗೆ ಕೇಳ್ತಿದ್ದೆ" ಎಂದ ಅವನು, ನೆಲ ನೋಡುತ್ತ. "ಈಗ ಬಿಡ್ತಾಳೆ, ಈಗ ಬಿಡ್ತಾಳೆ ಅಂದ್ಕೊಂಡೆ. ನೀನು ಬಿಡ್ಲಿಲ್ಲ. ನನಗೆ ಇಷ್ಟ ಆಗಿದ್ದೇ ಆ ಹಟ. ಅದನ್ನೇ ಕಿತ್ಕೊಂಡು ಕಿರೀಟ ಕೊಡ್ತೀನಿ ಅಂದ್ನಲ್ಲ, ನನ್ನಂಥ ದಡ್ಡ ಇನ್ನೊಬ್ಬ ಇಲ್ಲ."

ಅವಳು ಎದ್ದು ಹೌಸಿಂಗಿಗೆ ಮೆಲ್ಲಗೆ ಒಂದೇಟು ಕೊಟ್ಟಳು. ಬಳೆ ಟಣ್ಣೆಂದು ನೆಲಕ್ಕೆ ಬಿತ್ತು. ಹೌಸಿಂಗಿನಲ್ಲಿ ಒಂದು ಗೀರೂ ಇರಲಿಲ್ಲ.

"ಭಲೇ ವೆಲ್ಡರ್" ಎಂದ ಅಪ್ಪ.

"ನಾನು ಗೆರೆ ಎಳೆದೆ ಅಷ್ಟೆ ಮಾವ. ಎಲ್ಲಿ ಎಳೀಬೇಕು ಅಂತ ಹೇಳಿದ್ದು ಅವಳು."

ಅಲ್ಲಿಯವರೆಗೆ ಅಂಕಲ್ ಆಗಿದ್ದ ಅಪ್ಪ ಹುಬ್ಬೇರಿಸಿದ.

ಬಟ್ಟೆಯಲ್ಲಿ ಹಿಡಿದು ಬಳೆಯನ್ನು ಅವಳು ಖಾಲಿ ಮೊಳೆಗೆ ನೇತುಹಾಕಿದಳು. ಎದೆ ಉಬ್ಬಿತು, ಕಣ್ಣೂ ತುಂಬಿತು. ಎರಡನ್ನೂ ಅವಳು ಮುಚ್ಚಿಡಲಿಲ್ಲ.

"ಈ ಮೊಳೆ ಬಿಟ್ಟು ನಾನೆಲ್ಲೂ ಬರಲ್ಲ."

"ಬರಬೇಡ. ನಾನೇ ಗೋಡೆ ಒಡೆದು ಬಾಗಿಲಿಡ್ತೀನಿ."

"ಹೂಂ" ಎಂದಳು. ಒಂದು ತಿಂಗಳು ತಡವಾಗಿ ಬಂದ ಹೂಂ ಅದು. "ಇಡು."

ಅಪ್ಪ ಕುರ್ಚಿಯಿಂದಲೇ ಗದರಿದ. "ಎಲ್ಲಿ ಬೇಕಾದ್ರೂ ಒಡೀರಿ. ಮೊಳೆ ಪಕ್ಕದ ಜಾಗ ಮಾತ್ರ ಮುಟ್ಟಬೇಡಿ. ನನ್ನ ಮಗಳಿಗೆ ಇನ್ನೂ ಬೇಕಾಗುತ್ತೆ."