ಇನ್ನೆರಡು ಹೆಜ್ಜೆ ಬನ್ನಿ, ಅಂಕಲ್

"ಟ್ರೌಟ್ ಮೀನಿಗೆ ಗಾಳ ಬೇಕಿತ್ತು."

ಕೌಂಟರಿನಲ್ಲಿ ಬಗ್ಗಿ ಕೂತು, ಗರಿ ನೂಲು ಸುತ್ತಿ ನೊಣದಂಥ ಗಾಳ ಕಟ್ಟುತ್ತಿದ್ದ ನಿಶ್ಮಿತಾಳ ಬೆರಳು ಹಾಗೇ ನಿಂತಿತು.

ಬುಕಿತ್ ಬಾಟೋಕ್‌ನ ಈ ಗಾಳದಂಗಡಿಯಲ್ಲಿ ಕನ್ನಡ! ಅದೂ ಈ ದನಿಯಲ್ಲಿ!

ತಲೆ ಎತ್ತಿದಳು. ಸುಧೀರ್...

ಎರಡು ವರ್ಷದಲ್ಲಿ ತುಂಬಾ ಸೊರಗಿದ್ದ.

"ಸಿಂಗಾಪುರದಲ್ಲಿ ಟ್ರೌಟ್ ಇಲ್ಲ," ಎಂದಳು. ಬೇರೇನೂ ಹೊಳೆಯಲಿಲ್ಲ.

"ಗೊತ್ತು. ನಿನ್ನ ಫೋಟೋ ಈ ಅಂಗಡಿಯ ಇನ್‌ಸ್ಟಾಗ್ರಾಂನಲ್ಲಿ ನೋಡ್ದೆ. ಐದು ನಿಮಿಷ ಮಾತಾಡ್ಬೇಕು, ಪ್ಲೀಸ್."

'ಬಂದೇಬಿಟ್ಟ! ಅವನಪ್ಪನನ್ನ ಯಾಕೆ ಕೊಂದೆ ಅಂತ ಕೇಳೋಕೆ...'

ಮಲ್ಪೆಯ ಮೀನುಗಾರರ ಮನೆಯ ನಿಶ್ಮಿತಾ ಎರಡು ವರ್ಷದ ಹಿಂದೆ ನ್ಯೂಜಿಲೆಂಡಿನ ಹೊಳೆಗಳಲ್ಲಿ ಗೈಡ್ ಆಗಿದ್ದಳು. ಬಂದವರಿಗೆ ಟ್ರೌಟ್ ಹಿಡಿಯಲು ಕಲಿಸುವ ಕೆಲಸ. ಸೀಸನ್ನಿನ ಕೊನೆಯ ಕ್ಲೈಂಟ್‌ಗಳು ಸಿಂಗಾಪುರದ ಧರ್ಮಪಾಲ ಮತ್ತು ಅವರ ಮಗ ಸುಧೀರ್. ಅವಳ ಬಾಯಲ್ಲಿ ತುಳು ಕೇಳಿದ್ದೇ ತಡ, "ನಮ್ಮ ಊರ್ದ ಪೊಣ್ಣು!" ಎಂದು, ಊರ ಹುಡುಗಿ ಸಿಕ್ಕ ಖುಷಿಗೆ ಧರ್ಮಪಾಲರು ಮಗುವಿನಂತೆ ಚಪ್ಪಾಳೆ ತಟ್ಟಿದ್ದರು.

ಒಂಬತ್ತು ದಿನ ಸುಧೀರ್‌ಗೆ ಒಂದು ಮೀನೂ ಸಿಗಲಿಲ್ಲ. ಅವನು ನೀರಿಗಿಂತ ಹೆಚ್ಚು ಅವಳನ್ನೇ ನೋಡುತ್ತಿದ್ದ. ನೋಡಲಿ ಅಂತಲೇ ಅವಳಿಗೂ ಅನಿಸುತ್ತಿತ್ತು.

ಹತ್ತನೆಯ ಬೆಳಗ್ಗೆ ಧರ್ಮಪಾಲರ ಗಾಳಕ್ಕೆ ದೊಡ್ಡ ಮೀನು ಕಚ್ಚಿತು.

"ಇನ್ನೆರಡು ಹೆಜ್ಜೆ ಬನ್ನಿ, ಅಂಕಲ್!" ಎಂದು ಹೊಳೆಯ ನಡುವಿನಿಂದ ಕರೆದವಳು ಅವಳೇ.

ಅವರು ಬಂದರು. ನಕ್ಕರು. ಎದೆ ಹಿಡಿದುಕೊಂಡು ನೀರಿನಲ್ಲಿ ಕುಸಿದರು. ಅವಳು ದಡಕ್ಕೆ ಎಳೆದು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದೇ ವಾರ ಸುಧೀರ್‌ನ ನಂಬರ್ ಬ್ಲಾಕ್ ಮಾಡಿದಳು. ಆದರೆ ಆ ಹೊಳೆ ಅವಳನ್ನು ಬಿಡಲಿಲ್ಲ. ಈಗಲೂ ಎಂಆರ್‌ಟಿ ರೈಲು ಸುರಂಗಕ್ಕೆ ನುಗ್ಗಿದಾಗಲೆಲ್ಲ ಅದೇ ಸದ್ದು... ಅದೇ ನಗು...

ಇಬ್ಬರೂ ಪಕ್ಕದ ಫ್ಲ್ಯಾಟ್ ಬ್ಲಾಕಿನ ಬುಡದ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್‌ನ ಕಲ್ಲುಬೆಂಚಿನಲ್ಲಿ ಕೂತರು.

"ಅಪ್ಪನಿಗೆ ಹಾರ್ಟ್ ಪ್ರಾಬ್ಲಮ್ ಇತ್ತು, ನಿಶ್ಮಿತಾ. ತಣ್ಣೀರಿಗೆ ಇಳೀಬೇಡಿ ಅಂತ ಡಾಕ್ಟರ್ ಹೇಳಿದ್ರು. ಅಪ್ಪ ಹಠ ಹಿಡಿದ್ರು. ನಿಮ್ಮ ಟ್ರಿಪ್ ಫಾರಂನಲ್ಲಿ 'ಆರೋಗ್ಯವಾಗಿದ್ದಾರೆ' ಅಂತ ಟಿಕ್ ಮಾಡಿದ್ದು ನಾನು."

ಅವಳು ದಿಗ್ಗನೆ ಎದ್ದಳು.

"ನಾನೇ ಕೊಂದೆ ಅಂದ್ಕೊಂಡು ಬದುಕಿದೀನಿ, ಸುಧೀರ್! ಎರಡು ವರ್ಷ!"

"ಹೇಳೋಕೆ ಫೋನ್ ಮಾಡ್ದೆ. ನೀನು ಬ್ಲಾಕ್ ಮಾಡಿದ್ದೆ... ನಿಜ ಹೇಳ್ಬೇಕಂದ್ರೆ, ಹೇಳೋದು ತಪ್ಪಿತಲ್ಲ ಅಂತ ಆಗ ಸಮಾಧಾನನೇ ಆಯ್ತು."

ಹೊಡೆಯಬೇಕೆನಿಸಿತು. ಆದರೆ... 'ನಾನೂ ಓಡಿಹೋದವಳೇ ಅಲ್ವಾ?'

ಮೆಲ್ಲಗೆ ಕೂತಳು. "ನಿಮ್ಮಮ್ಮನಿಗೆ ಗೊತ್ತಾ?"

"ಇವತ್ತು ಬೆಳಗ್ಗೆ ಹೇಳ್ದೆ. ತುಂಬಾ ಅತ್ರು. ಆಮೇಲೆ, 'ಆ ಹುಡುಗಿಗೆ ಹೇಳಿದ್ಯಾ?' ಅಂತ ಕೇಳಿದ್ರು. ನೇರ ಇಲ್ಲಿಗೆ ಬಂದೆ."

ಅವಳ ಕಣ್ಣು ತುಂಬಿ ಬಂತು.

"ನಿಶ್ಮಿತಾ, ಕೆಲಸ ಬೇರೆ ಕಡೆನೂ ಸಿಗ್ತಿತ್ತಲ್ಲ... ಸಿಂಗಾಪುರಕ್ಕೇ ಯಾಕೆ ಬಂದೆ?"

"ನೀನಿದ್ದೀಯಲ್ಲ!" ಅಳುತ್ತಲೇ ಹೇಳಿದಳು. "ನಿಮ್ಮ ಮನೆ ಹತ್ತಿರದ ಸೆರಂಗೂನ್ ಸ್ಟೇಷನ್‌ವರೆಗೆ ನಾಲ್ಕು ಸಲ ಬಂದಿದೀನಿ. ಗೇಟ್ ದಾಟೋಕೆ ಧೈರ್ಯ ಆಗ್ಲಿಲ್ಲ."

ಅವನು ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ಅಂಕಲ್ ಇನ್ನೂ ಕನಸಲ್ಲಿ ಬರ್ತಾರೆ, ಸುಧೀರ್. ಅದು ಹೋಗಲ್ಲ ಅನ್ಸುತ್ತೆ."

"ಬರ್ಲಿ. ಬಂದಾಗ ನನ್ನನ್ನೂ ಎಬ್ಬಿಸು."

ಮಾತಿನ ಅರ್ಥ ಎದೆಗಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು.

"ದಿನಾ ಎಬ್ಬಿಸ್ಬೇಕಾಗ್ಬಹುದು..."

"ದಿನಾ ಎಬ್ಬಿಸು."